ದಾಖಲೆಯಲ್ಲಿನ ಶೂನ್ಯಸ್ಥಾನ: ಬಾಬ್ ಫೆಲ್ಲರ್ ಮತ್ತು ಎರಡನೆಯ ಮಹಾಯುದ್ಧ

ಆಟದ ಅಂಕಿಗಳ ಪಟ್ಟಿಯೂ ಇತಿಹಾಸಕಾರನಿಗೆ ಒಂದು ಆಕರವೇ. ಆದರೆ ಆ ಪಟ್ಟಿಯಲ್ಲಿ ಕೆಲವು ವರ್ಷಗಳ ಸ್ಥಾನ ಬರಿದಾಗಿದ್ದರೆ ಅದನ್ನು ಓದುವ ಬಗೆ ಯಾವುದು? ಅಮೆರಿಕದ ಬೇಸ್‌ಬಾಲ್ ಆಟಗಾರ ಬಾಬ್ ಫೆಲ್ಲರನ ದಾಖಲೆ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

ಬೇಸ್‌ಬಾಲಿನಲ್ಲಿ ಪಿಚರನೆಂದರೆ, ಕ್ರಿಕೆಟ್ಟಿನ ಬೌಲರನಂತೆ, ದಾಂಡಿಗನಿಗೆ ಚೆಂಡೆಸೆಯುವವನು. ಪಂದ್ಯದ ಗೆಲವು ಸೋಲುಗಳನ್ನು ಪಿಚರನ ಹೆಸರಿನಲ್ಲಿ ದಾಖಲಿಸುವುದು ಆ ಆಟದ ಪದ್ಧತಿ. 1918ರಲ್ಲಿ ಅಯೋವಾ ರಾಜ್ಯದ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದ ಫೆಲ್ಲರನು 1936ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿಯೇ, ಕ್ಲೀವ್‌ಲೆಂಡ್ ತಂಡದ ಪರವಾಗಿ ಕಣಕ್ಕಿಳಿದನು. 1939ರಿಂದ 1941ರವರೆಗಿನ ಮೂರು ಋತುಗಳಲ್ಲಿ ಅವನ ಗೆಲವುಗಳು ಕ್ರಮವಾಗಿ 24, 27 ಮತ್ತು 25.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿ ನಡೆಯಿತು. ತಂದೆಯು ರೋಗಪೀಡಿತನಾಗಿದ್ದು ಕುಟುಂಬದ ಹೊಣೆ ತನ್ನ ಮೇಲಿದ್ದುದರಿಂದ ಫೆಲ್ಲರನಿಗೆ ಸೇವೆಯಿಂದ ವಿನಾಯಿತಿಯಿತ್ತು. ಆದರೂ ಎರಡು ದಿನಗಳೊಳಗೆ ಅವನು ನೌಕಾದಳವನ್ನು ಸೇರಿದನು. 'ಅಲಬಾಮಾ' ಎಂಬ ಯುದ್ಧನೌಕೆಯಲ್ಲಿ ವಿಮಾನನಾಶಕ ಫಿರಂಗಿಯ ತಂಡವೊಂದರ ಮುಖ್ಯಸ್ಥನಾಗಿ, ಮೊದಲು ಉತ್ತರ ಅಟ್ಲಾಂಟಿಕ್‌ನಲ್ಲಿಯೂ ಅನಂತರ ಪೆಸಿಫಿಕ್‌ನಲ್ಲಿಯೂ ಸೇವೆ ಸಲ್ಲಿಸಿದನು. 1944ರ ಜೂನ್ ತಿಂಗಳ ಫಿಲಿಪೈನ್ ಸಮುದ್ರದ ಕದನದಲ್ಲಿ ಆ ನೌಕೆಯು ಭಾಗವಹಿಸಿತ್ತು. 1942, 1943, 1944 ಈ ಮೂರು ಋತುಗಳು ಪೂರ್ಣವಾಗಿಯೂ, 1945ರ ಬಹುಭಾಗವೂ ಹೀಗೆ ಕಳೆದುವು. 1945ರ ಆಗಸ್ಟ್ 24ರಂದು ಮರಳಿ ಬಂದು ಡೆಟ್ರಾಯಿಟ್ ತಂಡವನ್ನು 4-2ರಿಂದ ಸೋಲಿಸಿದನು. ಮರುವರ್ಷ 26 ಪಂದ್ಯಗಳನ್ನು ಗೆದ್ದನು. 1956ರಲ್ಲಿ ನಿವೃತ್ತನಾದಾಗ ಅವನ ಒಟ್ಟು ಗೆಲವುಗಳು 266.

ಯುದ್ಧವಿಲ್ಲದಿದ್ದರೆ ಇನ್ನೂ ಸುಮಾರು 100 ಗೆಲವುಗಳು ಸೇರುತ್ತಿದ್ದುವೆಂಬ ಎಣಿಕೆ ಸಹಜವಾದುದು. ಯುದ್ಧದ ಹಿಂದಿನ ಮತ್ತು ಮುಂದಿನ ಸಾಧನೆ ಅದಕ್ಕೆ ಆಧಾರವನ್ನೂ ಒದಗಿಸುತ್ತದೆ. ಆದರೆ ಇದು ಊಹೆ, ದಾಖಲೆಯಲ್ಲ. ಬಿಡುವಿಲ್ಲದೆ ಎಸೆದ ತೋಳು ದಣಿಯುತ್ತಿರಲಿಲ್ಲವೆಂದು, ಗಾಯಗೊಳ್ಳುತ್ತಿರಲಿಲ್ಲವೆಂದು ಹೇಳುವವರು ಯಾರು? ಸಂಭವನೀಯವಾದುದನ್ನು ಸಂಭವಿಸಿದುದರ ಜೊತೆ ಕೂಡಿಸಿ ಮೊತ್ತ ಹಾಕುವುದು ಇತಿಹಾಸದ ಕ್ರಮವಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. 1939ರಲ್ಲಿ ಉನ್ನತ ಲೀಗುಗಳಲ್ಲಿ ಎಲ್ಮರ್ ಗೆಡಿಯನ್ ಐದು ಪಂದ್ಯಗಳನ್ನೂ, ಹ್ಯಾರಿ ಓನೀಲ್ ಒಂದೇ ಒಂದು ಪಂದ್ಯವನ್ನೂ ಆಡಿದ್ದರು. ಗೆಡಿಯನ್ 1944ರಲ್ಲಿ ಫ್ರಾನ್ಸಿನಲ್ಲಿ, ಓನೀಲ್ 1945ರಲ್ಲಿ ಇವೊ ಜಿಮಾ ದ್ವೀಪದಲ್ಲಿ ಮಡಿದರು. ಫೆಲ್ಲರನ ಪಟ್ಟಿಯಲ್ಲಿ ಬರಿದಾದ ಸಾಲುಗಳ ಕೆಳಗೆ ಮತ್ತೆ ಅಂಕಿಗಳು ಮೊದಲಾಗುತ್ತವೆ. ಆದುದರಿಂದಲೇ ಅವನ ನಷ್ಟವನ್ನು ಅಳೆಯಲು ನಮಗೆ ಸಾಧ್ಯವಾಗಿದೆ. ಆ ಇಬ್ಬರ ಪಟ್ಟಿಗಳಲ್ಲಿ ಅಳೆಯುವುದಕ್ಕೆ ಏನೂ ಉಳಿದಿಲ್ಲ. ಯುದ್ಧದ ವೆಚ್ಚವನ್ನು ಬರೆಯುವವನು ಆ ಪಟ್ಟಿಗಳನ್ನೂ ಓದಬೇಕಾಗುತ್ತದೆ.