ನೀರು ಕಂಡರೆ ಪೆಟ್ರೋಲನ್ನೇ ಬಿಟ್ಟುಹೋಗುವ ಎಥನಾಲ್

ಗಾಜಿನ ಅಳತೆ ಜಾಡಿಗೆ 10 ಮಿಲಿಲೀಟರ್ ನೀರು ಹಾಕಿ, ಅದರ ಮೇಲೆ ಬಂಕಿನಿಂದ ತಂದ ಇ20 (ಶೇ 20ರಷ್ಟು ಎಥನಾಲ್ ಬೆರೆತ) ಪೆಟ್ರೋಲನ್ನು 100 ಮಿಲಿಲೀಟರ್ ಸುರಿದು, ಮುಚ್ಚಿ ಕುಲುಕಿ ಇಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಎರಡು ಪದರ ಬೇರೆಯಾಗುತ್ತವೆ: ಮೇಲೆ ಪೆಟ್ರೋಲ್, ಕೆಳಗೆ ನೀರು. ಹಾಕಿದ್ದು 10 ಮಿಲಿಲೀಟರ್ ನೀರಾದರೂ ಕೆಳಗಿನ ಪದರ 30ರ ಆಸುಪಾಸಿಗೆ ಏರಿರುತ್ತದೆ.

ಇದನ್ನು ನೋಡಿ ಪೆಟ್ರೋಲಿಗೆ ನೀರು ಬೆರೆಸಿದ್ದಾರೆಂದು ಗಲಾಟೆ ಮಾಡುವವರಿದ್ದಾರೆ. ಆದರೆ ಹೆಚ್ಚಾದದ್ದು ನೀರಲ್ಲ. ಪೆಟ್ರೋಲಿನಲ್ಲಿ ಕರಗಿದ್ದ ಎಥನಾಲ್ ಅದನ್ನು ಬಿಟ್ಟು ಕೆಳಗಿಳಿದು ನೀರನ್ನು ಸೇರಿಕೊಂಡಿದೆ. (ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ದಯವಿಟ್ಟು ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ.)

ಎಥನಾಲ್ ಅಣುವಿನ ಒಂದು ತುದಿಯಲ್ಲಿ ಎರಡು ಇಂಗಾಲದ ಪುಟ್ಟ ಸರಪಳಿಯಿದೆ. ಪೆಟ್ರೋಲಿನೊಂದಿಗೆ ಅದು ಬೆರೆಯುವುದು ಅದರಿಂದಲೇ. ಇನ್ನೊಂದು ತುದಿಯಲ್ಲಿರುವುದು ಆಮ್ಲಜನಕ ಮತ್ತು ಜಲಜನಕದ ಜೋಡಿ, ಅದು ನೀರಿನ ಕಡೆಯ ನೆಂಟ. ನೆಂಟ ಎದುರಿಗೆ ಬಂದರೆ ಎಥನಾಲ್ ಅತ್ತಲೇ ವಾಲುತ್ತದೆ. ಈ ಸೆಳೆತ ಕಾರ್ಖಾನೆಯಿಂದ ನಮ್ಮ ಟ್ಯಾಂಕಿನವರೆಗೂ ಬೆನ್ನು ಬಿಡುವುದಿಲ್ಲ.

ಕಬ್ಬಿನ ರಸಕ್ಕೋ ಕಾಕಂಬಿಗೋ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹೀಗೆ ಹುಳಿತ ದ್ರವದಲ್ಲಿ ಬಹುಪಾಲು ನೀರೇ. ಎಷ್ಟು ಸಲ ಭಟ್ಟಿ ಇಳಿಸಿದರೂ ಶೇ 95.6ರ ಮೇಲೆ ಶುದ್ಧವಾಗುವುದಿಲ್ಲ. ಅಲ್ಲಿಂದಾಚೆಗೆ ನೀರು, ಎಥನಾಲ್ ಎರಡೂ ಒಟ್ಟಿಗೇ ಆವಿಯಾಗುತ್ತವೆ. ಆಗ ಜಿಯೋಲೈಟ್ ಎಂಬ ಖನಿಜದ ಗುಂಡುಗಳ ಮೂಲಕ ಆವಿಯನ್ನು ಹಾಯಿಸುತ್ತಾರೆ. ಆ ಗುಂಡುಗಳ ರಂಧ್ರಕ್ಕೆ ನೀರಿನ ಅಣು ನುಗ್ಗಬಲ್ಲದು, ಅದಕ್ಕಿಂತ ದಪ್ಪದ ಎಥನಾಲ್ ನುಗ್ಗಲಾರದು. ನೀರು ಒಳಗೆ ಸಿಕ್ಕಿಬಿದ್ದು, ಒಣ ಎಥನಾಲ್ ಹೊರಬರುತ್ತದೆ. ನನಗೆ ಇಡೀ ಕಾರ್ಖಾನೆಯಲ್ಲಿ ಅತ್ಯಂತ ಚೆಂದ ಕಾಣುವ ಕೆಲಸ ಇದೇ.

ಪೆಟ್ರೋಲಿಗೆ ಎಥನಾಲ್ ಬೆರೆಸುವ ಯೋಜನೆ ಭಾರತದಲ್ಲಿ 2003ರಲ್ಲಿ ಶೇ 5ರ ಮಿಶ್ರಣದಿಂದ ಆರಂಭವಾಗಿ ಬಹಳ ವರ್ಷ ಕುಂಟಿತು. 2022ರ ಜೂನ್‌ನಲ್ಲಿ ಶೇ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಇ20 ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ದೇಶ ಶೇ 20ಕ್ಕೆ ಬಂತು. ಬ್ರೆಜಿಲ್ ಈ ಹಾದಿ ಹಿಡಿದದ್ದು 1975ರಲ್ಲಿ.

ಇಂಜಿನ್‌ಗೆ ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಎಥನಾಲಿನ ಆಕ್ಟೇನ್ ಹೆಚ್ಚು, ಹಾಗಾಗಿ ಇಂಜಿನ್ ಬಡಿತ ಕಡಿಮೆ. ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬನ್ ಮಾನಾಕ್ಸೈಡ್ ಹೊಗೆಯೂ ತಗ್ಗುತ್ತದೆ. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶುದ್ಧ ಪೆಟ್ರೋಲಿಗೆಂದೇ ವಿನ್ಯಾಸಗೊಂಡ ಹಳೆಯ ಕಾರುಗಳಲ್ಲಿ ಇ20ರಿಂದ ಮೈಲೇಜ್ ಶೇ 6–7ರಷ್ಟು, ಬೈಕುಗಳಲ್ಲಿ ಶೇ 3–4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆಯ ರಬ್ಬರ್ ಪೈಪು, ಸೀಲುಗಳನ್ನೂ ಎಥನಾಲ್ ನಿಧಾನವಾಗಿ ಕೆಡಿಸುತ್ತದೆ. ಇದನ್ನೆಲ್ಲ ಬಂಕಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಕಬೇಕಿತ್ತು. ಎಣ್ಣೆ ಹಾಕಿಸುವವನಿಗೆ ತನ್ನ ಟ್ಯಾಂಕಿಗೆ ಬೀಳುವುದೇನೆಂದು ತಿಳಿಯುವ ಹಕ್ಕಿದೆ.

ಇನ್ನು ಮಳೆಗಾಲ. ಮಲೆನಾಡಿನಲ್ಲಿ ಜಡಿಮಳೆಗೆ ಹೊರಗೇ ನಿಂತ ಸ್ಕೂಟರಿನ ಮುಚ್ಚಳ ಸಡಿಲವಿದ್ದರೆ ಟ್ಯಾಂಕಿನೊಳಗೆ ನೀರು ಇಳಿಯುತ್ತದೆ. ಲೀಟರಿಗೆ ಒಂದೆರಡು ಟೀ ಚಮಚದ ಒಳಗೆ ಇದ್ದರೆ ಎಥನಾಲ್ ಅದನ್ನು ಕರಗಿಸಿಕೊಂಡು ಸುಮ್ಮನಿರುತ್ತದೆ. ಮಿತಿ ಮೀರಿದರೆ ಜಾಡಿಯಲ್ಲಿ ಕಂಡದ್ದೇ ಟ್ಯಾಂಕಿನಲ್ಲೂ ನಡೆಯುತ್ತದೆ. ಇಂಜಿನ್ ಪೆಟ್ರೋಲ್ ಎಳೆಯುವುದು ತಳದಿಂದ, ಅಲ್ಲಿ ಬರುವುದು ನೀರು ಬೆರೆತ ಎಥನಾಲ್. ಗಾಡಿ ಸ್ಟಾರ್ಟ್ ಆಗುವುದಿಲ್ಲ.

ನೀರಿನ ದೊಡ್ಡ ಲೆಕ್ಕ ಇರುವುದು ಮಾತ್ರ ಹೊಲದಲ್ಲಿ. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ಅದೇ ವರದಿ ಲೆಕ್ಕ ಹಾಕಿದೆ. 2023ರಲ್ಲಿ ಮಳೆ ಕೈಕೊಟ್ಟಾಗ ಕಬ್ಬಿನ ಇಳುವರಿ ಕುಸಿಯುವ ಆತಂಕದಿಂದ, ಕಬ್ಬಿನ ರಸದಿಂದ ಎಥನಾಲ್ ಮಾಡುವುದನ್ನು ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಡೆಯಬೇಕಾಯಿತು. ಬಳಿಕ ಭಾರ ಮೆಕ್ಕೆಜೋಳದ ಮೇಲೆ ಬಿತ್ತು. ಅದು ಕೋಳಿಯ ಆಹಾರವೂ ಹೌದು, ಜನರ ಆಹಾರವೂ ಹೌದು. ಬೇರೆ ದಾರಿಯೂ ಇದೆ: ಪಾಣಿಪತ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ ಘಟಕ ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುತ್ತದೆ. ಹುಲ್ಲಿನ ಗಟ್ಟಿ ನಾರನ್ನು ಒಡೆದು ಸಕ್ಕರೆಯಾಗಿಸುವುದು ಖರ್ಚಿನ ಕೆಲಸ. ಆದರೆ ಹೊಲದಲ್ಲಿ ಸುಟ್ಟುಹೋಗುತ್ತಿದ್ದ ಹುಲ್ಲಿಗೆಂದು ಬೇರೆ ನೀರು ಹಾಯಿಸಬೇಕಿಲ್ಲ. ಸರ್ಕಾರದ ಹಣ ಮೊದಲು ಅತ್ತ ಹರಿಯಬೇಕು.

ನಿಮ್ಮ ಗಾಡಿ 2023ರ ಏಪ್ರಿಲ್‌ಗಿಂತ ಹಿಂದಿನದಾದರೆ, ಅದು ಇ20ಗೆ ಒಗ್ಗುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಈ ಮಳೆಗಾಲಕ್ಕೆ ಮುಂಚೆ ಟ್ಯಾಂಕಿನ ಮುಚ್ಚಳದ ರಬ್ಬರ್ ಬದಲಾಯಿಸಿಬಿಡಿ.