ಹೃದಯದ ತಾಳಿಕೆ ಎಲ್ಲಿಂದ ಬರುತ್ತದೆ?

ಹೃದ್ರೋಗಿ ಧೈರ್ಯದಿಂದಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ವರ್ಷಗಟ್ಟಲೆ ಕಾಡುವ ಹೃದಯದ ಕಾಯಿಲೆಯನ್ನು ತಾಳಿಕೊಳ್ಳಲು ಮನಸ್ಸಿನ ಧೈರ್ಯವೊಂದೇ ಸಾಕೇ?

ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಒಂದೇ ತರಗತಿಯಲ್ಲಿ ಓದುವ ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳೋಣ. ಇಬ್ಬರಿಗೂ ರುಮ್ಯಾಟಿಕ್ ಹೃದ್ರೋಗ. ಒಬ್ಬಳ ತಂದೆ ಬ್ಯಾಂಕ್ ನೌಕರರು. ಇನ್ನೊಬ್ಬಳ ತಾಯಿ ಬೀಡಿ ಕಟ್ಟುವವರು.

ಈ ರೋಗದ ಮೂಲ ಗಂಟಲು ನೋವು. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಿಗೆ ತಗಲಿದಾಗ ಅದನ್ನು ಎದುರಿಸಬೇಕಾದ ದೇಹದ ರಕ್ಷಣಾ ಶಕ್ತಿ ಕೆಲವರಲ್ಲಿ ತನ್ನದೇ ಕೀಲುಗಳ ಮೇಲೂ ಹೃದಯದ ಕವಾಟಗಳ ಮೇಲೂ ಎರಗುತ್ತದೆ. ಕೀಲುನೋವು ವಾಸಿಯಾಗುತ್ತದೆ; ಕವಾಟದ ಹಾನಿ ಉಳಿದುಬಿಡಬಹುದು. ಚಿಕ್ಕ ಮನೆಯಲ್ಲಿ ಹೆಚ್ಚು ಜನ ಒತ್ತೊತ್ತಾಗಿ ಮಲಗುವಲ್ಲಿ ಈ ರೋಗಾಣು ಸುಲಭವಾಗಿ ಹರಡುತ್ತದೆ. ಯುರೋಪಿನಲ್ಲಿ ಪೆನಿಸಿಲಿನ್ ಬಳಕೆಗೆ ಬರುವ ಮೊದಲೇ, ಜನರ ವಸತಿ ಮತ್ತು ಜೀವನಮಟ್ಟ ಸುಧಾರಿಸಿದಂತೆ, ಈ ರೋಗ ಇಳಿಮುಖವಾಗತೊಡಗಿತ್ತು.

ಸೋಂಕು ಮರುಕಳಿಸಿದಷ್ಟೂ ಕವಾಟ ಕೆಡುತ್ತದೆ. ಅದನ್ನು ತಡೆಯಲು 3 ಅಥವಾ 4 ವಾರಗಳಿಗೊಮ್ಮೆ, ಅನೇಕ ವರ್ಷ, ಪೆನಿಸಿಲಿನ್ ಚುಚ್ಚುಮದ್ದು ಬೇಕು. ಮದ್ದು ದುಬಾರಿಯಲ್ಲ. ಆದರೆ ಬೀಡಿಯ ಮಜೂರಿ ಸಾವಿರದ ಲೆಕ್ಕದಲ್ಲಿ; ಮಗಳನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಕಟ್ಟದ ಬೀಡಿಗೆ ಮಜೂರಿಯಿಲ್ಲ. ಬಸ್ಸಿನ ಖರ್ಚು ಬೇರೆ. ಬ್ಯಾಂಕ್ ನೌಕರರಿಗೆ ರಜೆ ಹಾಕಿದರೂ ಸಂಬಳವುಂಟು. ಮಣಿಪಾಲದ ದೊಡ್ಡ ಆಸ್ಪತ್ರೆ ಇಬ್ಬರಿಗೂ ಅಷ್ಟೇ ದೂರ, ಆದರೆ ಅಷ್ಟೇ ಹತ್ತಿರವಲ್ಲ! ಹೃದಯ ದುರ್ಬಲವಾಗಿ ಕಾಲು ಬಾತಾಗ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ. ಗಂಜಿಯ ಜೊತೆಗೆ ಉಪ್ಪಿನಕಾಯಿ, ಒಣಮೀನು ಬಿಟ್ಟರೆ ಬೇರೇನಿಲ್ಲದ ಮನೆಯಲ್ಲಿ ಈ ಪಥ್ಯ ಸುಲಭವೇ?

ಕವಾಟ ತೀರ ಕೆಟ್ಟರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕಡಿಮೆ ಬೆಲೆಯ ಕೃತಕ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಕರ್ನಾಟಕದಲ್ಲಿ 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ, 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳು ಬಂದು ಶಸ್ತ್ರಚಿಕಿತ್ಸೆಯ ಹೊರೆ ಹಗುರಾಯಿತು. ಆದರೂ ಯಾಂತ್ರಿಕ ಕವಾಟ ಪಡೆದವರು ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ಮಾತ್ರೆ ಸೇವಿಸಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮತ್ತೆ ಅದೇ ಬಸ್ಸು, ಅದೇ ಮಜೂರಿಯ ಪ್ರಶ್ನೆ.

ಇದು ಕಡುಬಡವರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಒಂದು ಬಗೆಯ ಹೃದ್ರೋಗದ ಮಾತೂ ಅಲ್ಲ. ಲಂಡನ್ನಿನ ಸರಕಾರಿ ನೌಕರರನ್ನು ಕುರಿತು 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ, ರಕ್ತನಾಳಗಳ ತಡೆಯಿಂದಾಗುವ ಹೃದ್ರೋಗದ ಸಾವು ಕೆಳದರ್ಜೆಯವರಲ್ಲಿ ಉನ್ನತಾಧಿಕಾರಿಗಳಿಗಿಂತ ಸುಮಾರು 3 ಪಟ್ಟು ಹೆಚ್ಚಿತ್ತು. ಧೂಮಪಾನ, ರಕ್ತದೊತ್ತಡಗಳು ಈ ಅಂತರದ ಒಂದು ಭಾಗಕ್ಕಷ್ಟೇ ಕಾರಣವಾಗಿದ್ದವು.

ಹಾಗಾದರೆ ಎರಡನೆಯ ಹುಡುಗಿಗೆ ದಾರಿಯಿಲ್ಲವೇ? ಖಂಡಿತ ಇದೆ. ಚುಚ್ಚುಮದ್ದು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ದೊರೆಯಬೇಕು. ಆಶಾ ಕಾರ್ಯಕರ್ತೆ ದಿನ ನೆನಪಿಸಬೇಕು. ತಪ್ಪಿದ ಪಾಠವನ್ನು ಶಿಕ್ಷಕರು ಮತ್ತೊಮ್ಮೆ ಹೇಳಿಕೊಡಬೇಕು. ಗೆಳತಿಯರು ಅವಳನ್ನು ರೋಗಿಯೆಂದು ದೂರವಿಡಬಾರದು. ಇವೆಲ್ಲ ಕೂಡಿಬಂದಾಗ ಅವಳ ಧೈರ್ಯಕ್ಕೂ ನೆಲೆ ಸಿಗುತ್ತದೆ.

ವಿದ್ಯಾರ್ಥಿಗಳೇ, ಗಂಟಲು ನೋವು ಬಂದು ಕೆಲವು ವಾರಗಳ ಬಳಿಕ ಜ್ವರ, ಕೀಲಿನಿಂದ ಕೀಲಿಗೆ ಸರಿಯುವ ನೋವು ಕಂಡರೆ ಅಲಕ್ಷಿಸಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ. ಪಕ್ಕದ ಬೆಂಚಿನವರು ತಿಂಗಳಿಗೊಮ್ಮೆ ಶಾಲೆ ತಪ್ಪಿಸುತ್ತಿದ್ದರೆ, ಏಕೆಂದು ಪ್ರೀತಿಯಿಂದ ಕೇಳಿ.