ಮೂರೇ ಜನ, ಇಡೀ ರಾತ್ರಿ!

ಒಂದು ಅಂದಾಜು ಹೇಳಿ ನೋಡೋಣ. ಊರ ನಡುವೆ ಒಂದು ಕಟ್ಟೆ. ಸುತ್ತ ಕಿಕ್ಕಿರಿದ ಜನ. ಕೋಟೆ, ಕುದುರೆ, ಮುತ್ತಿಗೆ, ಮಲತಾಯಿ, ಮಾಯಾವಿ, ದಿಲ್ಲಿಯಿಂದ ಬಂದ ದಂಡು ಎಲ್ಲವೂ ಆ ಕಟ್ಟೆಯ ಮೇಲೆ ಮೂಡಬೇಕು. ಕೋಳಿ ಕೂಗುವವರೆಗೆ ಯಾರೂ ಎದ್ದು ಹೋಗಬಾರದು. ಇದಕ್ಕೆ ಎಷ್ಟು ಮಂದಿ ಕಲಾವಿದರು ಬೇಕು?

ಐವತ್ತು? ಇಪ್ಪತ್ತು? ಬಯಲಾಟದ ಮೇಳಕ್ಕೂ ಹತ್ತು ಹದಿನೈದು ಜನ ಬೇಡವೇ?

ಮೂರು! ಬರೀ ಮೂರು ಜನ!

ಪರದೆ ಇಲ್ಲ. ಕಿರೀಟ ಇಲ್ಲ. ಭುಜಕೀರ್ತಿ ಇಲ್ಲ. ಮೂರು ಕೊರಳು, ಒಂದು ತಂಬೂರಿ, ಎರಡು ಗುಮ್ಮಟೆ. ಅಷ್ಟರಲ್ಲೇ ಕುಮ್ಮಟದುರ್ಗದ ಕೋಟೆ ಎದ್ದು ನಿಲ್ಲುತ್ತದೆ!

ಇದೇ ಬುರ್ರಕಥೆ. ಆದೋನಿ, ಆಲೂರು, ಹೊಳಗುಂದಿ, ಕೌತಾಳಂ ಕಡೆಯ ಹಿರಿಯರ ಮುಂದೆ ಈ ಹೆಸರು ಎತ್ತಿ ನೋಡಿ. ಕೂತವರು ನೆಟ್ಟಗಾಗುತ್ತಾರೆ. ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗುತ್ತದೆ. ಗೋಣಿಚೀಲ ಹಾಸಿಕೊಂಡು ಮುಂದಿನ ಸಾಲು ಹಿಡಿದದ್ದು, ಅವ್ವನ ತೊಡೆಯ ಮೇಲೆ ನಿದ್ದೆಹೋಗಿ ಯುದ್ಧ ಬಂದಾಗ ಮಾತ್ರ ಎದ್ದದ್ದು, ಮರುದಿನ ಹೊಲದಲ್ಲಿ ತೂಕಡಿಸಿ ಬೈಸಿಕೊಂಡದ್ದು, ಎಲ್ಲ ಹೊರಬರುತ್ತದೆ. ದಸರೆಯ ನಡುರಾತ್ರಿ ದೇವರಗಟ್ಟಿನ ಮಾಳ ಮಲ್ಲೇಶ್ವರನ ಉತ್ಸವಕ್ಕೆ ಬಡಿಗೆ ಹಿಡಿದು ಹೊರಟು ಬೆಳಗು ಕಾಣುವ ಸೀಮೆ ಇದು. ಇಲ್ಲಿಯವರಿಗೆ ರಾತ್ರಿ ಎಂದರೆ ಎಚ್ಚರವಿರುವ ಹೊತ್ತು!

ಮೊದಲು ಆ ಕೈಗಳನ್ನು ನೋಡಿ. ಹತ್ತಿರ ಬಂದು ನೋಡಿ.

ನಡುವೆ ನಿಂತವರು ಕಥೆ ಹೇಳುವವರು. ಹೆಗಲಿಗೆ ತಂಬೂರಿ. ಒಂದು ಕೈಯ ಹೆಬ್ಬೆರಳಿಗೆ ಪೊಳ್ಳು ಬಳೆಯಂಥ ಅಂದೆ, ಅದರೊಳಗೆ ಲೋಹದ ಸಣ್ಣ ಗುಂಡುಗಳು. ಉಳಿದ ಬೆರಳುಗಳ ಹಿಡಿತದಲ್ಲಿ ಅಂಥದೇ ಇನ್ನೊಂದು. ಎರಡನ್ನೂ ಒಂದಕ್ಕೊಂದು ತಾಗಿಸಿದರೆ ಝಲ್! ಮಾತು ನಿಧಾನವಾದಾಗ ಝಲ್, ಝಲ್. ಕುದುರೆ ಓಡಿದಾಗ ಝಲಝಲಝಲ! ಕುದುರೆ ಎಲ್ಲಿದೆ? ಆ ಐದು ಬೆರಳಲ್ಲಿದೆ!

ಅಕ್ಕಪಕ್ಕದ ಇಬ್ಬರ ಕೈಯಲ್ಲಿ ಗುಮ್ಮಟೆ. ಕೆಲವರು ಡಕ್ಕಿ ಎನ್ನುತ್ತಾರೆ. ಮಣ್ಣಿನದೋ ಹಿತ್ತಾಳೆಯದೋ ಮೈ, ಅದಕ್ಕೆ ಬಿಗಿದ ಚರ್ಮ. ಮೂವರ ಕಾಲಿಗೂ ಗೆಜ್ಜೆ. ಮುಂದೆ ನಾಲ್ಕು ಹೆಜ್ಜೆ, ಹಿಂದೆ ನಾಲ್ಕು ಹೆಜ್ಜೆ, ಪಲ್ಲವಿಗೆ ಮೂವರೂ ಒಟ್ಟಿಗೆ. ಕೇಳಿದವರು ಮೊದಲು ನೆನೆಯುವುದು ಕಥೆಯನ್ನಲ್ಲ, ಈ ಹೆಜ್ಜೆಯನ್ನು!

ಇನ್ನು ಆ ಇಬ್ಬರು ಬರೀ ತಾಳ ಹಾಕುವವರು ಎಂದುಕೊಂಡಿರಾ? ಇಲ್ಲ! ಒಬ್ಬರದು ಹಾಸ್ಯ. ರಾಜಕುಮಾರಿಯ ಕಣ್ಣೀರಿನ ನಡುವೆಯೇ ಜನ ಬಿದ್ದು ಬಿದ್ದು ನಗುವಂತೆ ಮಾಡುವುದು ಅವರ ಕೆಲಸ. ಇನ್ನೊಬ್ಬರದು ಇವತ್ತಿನ ಸುದ್ದಿ. ಕಥೆ ಯಾವ ಕಾಲದ್ದೇ ಇರಲಿ, ಬರಗಾಲ, ಬಡ್ಡಿ, ಊರ ಗೌಡನ ದರ್ಬಾರು, ಸರ್ಕಾರದ ಲೋಪ ಎಲ್ಲವನ್ನೂ ನಡುವೆ ತಂದು ಚುಚ್ಚುತ್ತಾರೆ.

ಆ ಚುಚ್ಚು ಎಷ್ಟು ಚುರುಕು ಗೊತ್ತೇ? 1940ರ ದಶಕದಲ್ಲಿ ಪ್ರಜಾನಾಟ್ಯ ಮಂಡಳಿ ಎಂಬ ರಂಗತಂಡದವರು ಬುರ್ರಕಥೆಯನ್ನು ಕೈಗೆತ್ತಿಕೊಂಡಾಗ ಇದಕ್ಕೆ ನಿಷೇಧ ಬಿತ್ತು. ಯಾರು ಹಾಕಿದ್ದು? ಮದ್ರಾಸಿನ ಬ್ರಿಟಿಷ್ ಸರ್ಕಾರ! ಅಷ್ಟೇ ಅಲ್ಲ, ಹೈದರಾಬಾದಿನ ನಿಜಾಮರೂ! ಮೂರು ಜನರ ಮೇಳಕ್ಕೆ ಎರಡು ಸರ್ಕಾರಗಳು ಹೆದರಿದವು! ಆ ಕಾಲದ ದೊಡ್ಡ ಹೆಸರು ಗುಂಟೂರು ಸೀಮೆಯ ಷೇಕ್ ನಾಜರ್. ಮುಂದೆ 1986ರಲ್ಲಿ ಅವರಿಗೇ ಪದ್ಮಶ್ರೀ ಬಂತು.

ಸರಿ, ಈಗ ಕಥೆಗೆ ಬನ್ನಿ. ಬಳ್ಳಾರಿಯಿಂದ ಆದೋನಿಯವರೆಗಿನ ಕೇಳುಗರ ಅಚ್ಚುಮೆಚ್ಚಿನ ವೀರ ಕುಮಾರರಾಮ. ಕಂಪಿಲಿಯ ಅರಸ ಕಂಪಿಲರಾಯನ ಮಗ. ಗೆಳೆಯರೊಂದಿಗೆ ಚೆಂಡಾಡುತ್ತಿದ್ದಾನೆ. ಹೊಡೆದ ಹೊಡೆತಕ್ಕೆ ಚೆಂಡು ಹಾರಿತು. ಮೇಲೆ, ಇನ್ನೂ ಮೇಲೆ. ಬಿದ್ದದ್ದೆಲ್ಲಿ?

ಮಲತಾಯಿ ರತ್ನಾಜಿಯ ಅರಮನೆಯೊಳಗೆ!

ಗುಮ್ಮಟೆ ನಿಂತಿತು. ಅಂದೆ ನಿಂತಿತು. ಕಟ್ಟೆಯ ಸುತ್ತ ಉಸಿರು ಬಿಡುವ ಸದ್ದೂ ಇಲ್ಲ. ಹೋಗಬೇಡ ರಾಮ ಎಂದು ಹೆಂಗಸರ ಕಡೆಯಿಂದ ಒಂದು ದನಿ ಬಂದೇ ಬರುತ್ತದೆ. ಮೇಳದವರು ಏನು ಮಾಡುತ್ತಾರೆ? ಅಲ್ಲೇ ಕಥೆ ನಿಲ್ಲಿಸಿ ಸೆರಗೊಡ್ಡುತ್ತಾರೆ! ಕಾಳು ಬರಲಿ, ಕಾಸು ಬರಲಿ, ಕೊಟ್ಟವರ ಹೆಸರು ಹಾಡಿನಲ್ಲಿ ಬರಲಿ, ಆಮೇಲೆ ರಾಮ ಒಳಗೆ ಹೋಗಲಿ! ಕೊಡದೆ ಇರಲು ಯಾರಿಗೆ ಸಾಧ್ಯ?

ರಾಮ ಹೋದ. ರತ್ನಾಜಿ ಅವನನ್ನು ಬಯಸಿದಳು. ಅವನು ತಾಯಿ ಎಂದು ಕೈಮುಗಿದ. ಅವಳು ರಾಯನ ಮುಂದೆ ಸುಳ್ಳು ದೂರು ಹೇಳಿದಳು. ತಲೆ ತೆಗೆಯಿರಿ ಎಂದು ರಾಯನ ಅಪ್ಪಣೆ! ತಲೆಯೂ ಬಂತು! ಇಲ್ಲಿ ಅಳದವರೇ ಇಲ್ಲ. ಗಟ್ಟಿಮುಟ್ಟಾದ ಗಂಡಸರೂ ಟವೆಲ್ಲಿನಿಂದ ಮುಖ ಒರೆಸಿಕೊಂಡದ್ದನ್ನು ಈಗಲೂ ಹೇಳಿಕೊಳ್ಳುತ್ತಾರೆ, ನಾಚಿಕೆಯಿಲ್ಲದೆ, ಹೆಮ್ಮೆಯಿಂದ.

ಆದರೆ ಕೇಳಿ! ಆ ತಲೆ ರಾಮನದಲ್ಲ! ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸಿದ್ದಾನೆ. ದಿಲ್ಲಿಯ ದಂಡು ಕೋಟೆ ಮುತ್ತುತ್ತದೆ. ನನ್ನ ಮಗ ಇದ್ದಿದ್ದರೆ ಎಂದು ರಾಯ ಎದೆ ಬಡಿದುಕೊಳ್ಳುತ್ತಾನೆ. ಆಗ ನೆಲಮನೆಯ ಬಾಗಿಲು ತೆರೆಯುತ್ತದೆ! ಈ ಗಳಿಗೆಯನ್ನು ಹೇಳುವಾಗ ಎಂಬತ್ತು ದಾಟಿದವರೂ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ಸಿಳ್ಳೆ, ಚಪ್ಪಾಳೆ, ಮತ್ತೆ ಹಾಡಿ ಎಂಬ ಕೂಗು!

ಕೊನೆಯ ಯುದ್ಧಕ್ಕೆ ದಿಲ್ಲಿ ಸುಲ್ತಾನ ಕಳಿಸುವ ದಂಡನಾಯಕ ಯಾರು, ಊಹಿಸಿ. ಖಾನನೇ? ಮಲಿಕನೇ? ಅಲ್ಲ! ಹೆಂಗಸು! ಹೆಸರು ಮಾತಂಗಿ! ಕುಮಾರರಾಮನ ಕಥೆಯ ಅತ್ಯಂತ ದೊಡ್ಡ ಎದುರಾಳಿ ಕುದುರೆಯೇರಿ ಬಂದ ಒಬ್ಬ ಹೆಣ್ಣು. ಇಂಥ ಕಥೆಯನ್ನು ಬಿಟ್ಟು ಮನೆಗೆ ಹೋಗಿ ಮಲಗುವವರು ಯಾರು?

ಈಗ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ. ಇದು ದೂರದ ಲೋಕದ ಕಥೆಯಲ್ಲ. ಕಂಪ್ಲಿ, ಕುಮ್ಮಟದುರ್ಗ, ಆನೆಗುಂದಿ ಎಲ್ಲ ತುಂಗಭದ್ರೆಯ ಆಸುಪಾಸಿನವು. ಅದೇ ಹೊಳೆ ಮುಂದೆ ಕೌತಾಳಂ ಸೀಮೆ ದಾಟಿ ಮಂತ್ರಾಲಯಕ್ಕೆ ಹೋಗುತ್ತದೆ. ರಾಮ ನೀರು ಕುಡಿದ ಹೊಳೆಯ ನೀರನ್ನೇ ಕೇಳುಗರೂ ಕುಡಿದವರು! ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಕಂಪಿಲಿಯನ್ನು ಮುಗಿಸಿದ್ದು 1327ರ ಸುಮಾರಿಗೆ. ಹೆಚ್ಚುಕಡಿಮೆ 700 ವರ್ಷ! ಆ ರಾಮ ಈ ಸೀಮೆಯ ಬಾಯಲ್ಲಿ ಇನ್ನೂ ಚೆಂಡಾಡುತ್ತಿದ್ದಾನೆ!

ಆದೋನಿ, ಆಲೂರು ಹಿಂದೆ ಬೇರೆ ಜಿಲ್ಲೆಯಲ್ಲೂ ಇರಲಿಲ್ಲ. 1953ರ ಅಕ್ಟೋಬರ್ 1ರವರೆಗೆ ಇವು ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಆ ದಿನ ಆಂಧ್ರ ರಾಜ್ಯ ಹುಟ್ಟಿತು, ಇವು ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗಡಿ ಕಾಗದದ ಮೇಲೆ ಬಿತ್ತು. ಕಥೆಯ ಮೇಲೆ ಬೀಳಲಿಲ್ಲ.

ಆ ಹೊತ್ತಿಗೆ ಬಳ್ಳಾರಿ ನೆಲದಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ತಂಬೂರಿ ಹಿಡಿದು ನಡೆಯುತ್ತಿದ್ದಳು. ಸಂಡೂರು ತಾಲೂಕಿನ ದರೋಜಿಯ ಈರಮ್ಮ! ಅಲೆಮಾರಿ ಬುಡ್ಗಜಂಗಮರ ಮಗಳು. ವಿದ್ಯೆ ತಂದೆಯಿಂದ ಬಂದದ್ದು. ಗಂಡಸರ ಮೇಳಗಳೇ ಹೆಚ್ಚಿದ್ದ ಕಲೆಯಲ್ಲಿ ಮನೆತನದ ಹೆಂಗಸರನ್ನೇ ಅಕ್ಕಪಕ್ಕ ನಿಲ್ಲಿಸಿಕೊಂಡು ಹಾಡಿದವರು. ಮನೆಮಾತು ತೆಲುಗು. ಹಾಡಿ ಹೆಸರಾದದ್ದು ಕನ್ನಡದಲ್ಲಿ!

ಈರಮ್ಮನಿಗೆ ಎಷ್ಟು ಕಥೆ ಬರುತ್ತಿತ್ತು? ಒಂದು ರಾತ್ರಿಯ ಕಥೆ ಒಂದು ಬಂದರೇ ದೊಡ್ಡದು. ಎರಡು? ಮೂರು?

12 ಮಹಾಕಾವ್ಯ!

ಅಚ್ಚಿಗೆ ಇಳಿಸಿದರೆ ಎಷ್ಟು ಪುಟ? ಐನೂರು? ಸಾವಿರ? ಇನ್ನೂ ಮೇಲೆ ಹೋಗಿ.

ಸುಮಾರು 7,000 ಪುಟ! ಕುಮಾರರಾಮ, ಬಾಲನಾಗಮ್ಮ, ಜೈಸಿಂಗರಾಜ, ಬಬ್ಬುಲಿ ನಾಗಿರೆಡ್ಡಿ, ಇನ್ನೂ ಇನ್ನೂ!

ಇಷ್ಟನ್ನೂ ಓದಿ ಕಲಿತರೇ? ಇಲ್ಲ. ಈರಮ್ಮನಿಗೆ ಓದಲು ಬರುತ್ತಿರಲಿಲ್ಲ. ಬರೆಯಲೂ ಬರುತ್ತಿರಲಿಲ್ಲ! ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಅದಕ್ಕೂ ಮೊದಲು 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

7,000 ಪುಟ ಬಾಯಿಪಾಠ! ಹೇಗೆ ಸಾಧ್ಯ? ನಾನೂ ಹೀಗೇ ಕೇಳುತ್ತಿದ್ದೆ. ಉತ್ತರ ಸಿಕ್ಕಾಗ ಮೈ ಝುಮ್ಮೆಂದಿತು. ಯಾಕೆಂದರೆ ಅದು ಬಾಯಿಪಾಠವೇ ಅಲ್ಲ!

1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸರು ಯುಗೊಸ್ಲಾವಿಯಕ್ಕೆ ಹೋಗಿ ಹಾಡುಗಾರರನ್ನು ಹುಡುಕಿದರು. ಅಲ್ಲಿ ಸಿಕ್ಕವರು ಅವ್ದೋ ಮೆಜೆದೊವಿಚ್. ಕಸುಬು ಕಟುಕರದು. ಅಕ್ಷರ ಬಾರದು. ಪ್ಯಾರಿ ಒಂದು ಪರೀಕ್ಷೆ ಇಟ್ಟರು. ಅವ್ದೋ ಎಂದೂ ಕೇಳಿರದ ಒಂದು ಕಥೆಯನ್ನು ಬೇರೊಬ್ಬ ಹಾಡುಗಾರನಿಂದ ಅವರ ಮುಂದೆಯೇ ಹಾಡಿಸಿದರು. 2,294 ಸಾಲು. ಮುಗಿದ ಕೂಡಲೇ ಅವ್ದೋ ಕಡೆ ತಿರುಗಿ, ಈಗ ನೀವು ಹಾಡಿ ಎಂದರು.

ಒಮ್ಮೆ ಕೇಳಿದ್ದು! ಎಷ್ಟು ಸಾಲು ನೆನಪಿದ್ದೀತು? ಅರ್ಧ? ಕಾಲು ಭಾಗ?

ಅವ್ದೋ ಹಾಡಿದ್ದು 6,313 ಸಾಲು! ಕೇಳಿದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು!

ಕಲಿತ ಪದ್ಯವನ್ನು ಒಪ್ಪಿಸುವುದಲ್ಲ ಇದು. ಕುದುರೆಗೆ ಒಂದು ಮಾತಿನ ಕಟ್ಟು, ಕೋಟೆಗೆ ಒಂದು, ಅಳುವಿಗೆ ಒಂದು, ಇವು ನಾಲಗೆಯ ತುದಿಯಲ್ಲಿರುತ್ತವೆ. ಕಥೆಯ ದಾರಿ ತಲೆಯಲ್ಲಿರುತ್ತದೆ. ಉಳಿದದ್ದೆಲ್ಲ ಆ ರಾತ್ರಿ, ಆ ಜನರ ಮುಂದೆ, ಹೊಸದಾಗಿ ಹುಟ್ಟುತ್ತದೆ! ಪ್ಯಾರಿಯವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪುಸ್ತಕವನ್ನೇ ಬರೆದು ಇದನ್ನು ಜಗತ್ತಿಗೆ ಸಾರಿದರು.

ನಮ್ಮ ನಾಡಿನದೇ ಒಂದು ಲೆಕ್ಕ ಬೇಕೇ? 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಬೆಳ್ತಂಗಡಿ ಸೀಮೆಯ ಮಾಚಾರು ಗೋಪಾಲ ನಾಯ್ಕರ ಮುಂದೆ ಕೂತು ತುಳುವಿನ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. ಗೋಪಾಲ ನಾಯ್ಕರು ಬಾಯಲ್ಲೇ ಹೇಳಿದ ಸಾಲು 15,683. ಗ್ರೀಕರ ಇಲಿಯಡ್ ಎಷ್ಟು ಸಾಲು ಗೊತ್ತೇ? ಸಾಮಾನ್ಯವಾಗಿ ಎಣಿಸುವಂತೆ 15,693. ಹತ್ತೇ ಸಾಲು ವ್ಯತ್ಯಾಸ!

ಈಗ ಮತ್ತೆ ಆದೋನಿ ಸೀಮೆಯ ಕಟ್ಟೆಗೆ ಬನ್ನಿ. ಆ ರಾತ್ರಿಯ ಹಾಡು ಆ ರಾತ್ರಿಯೇ ಹುಟ್ಟುವುದಾದರೆ ಹುಟ್ಟಿಸುವವರು ಯಾರು? ಮೂರು ಜನರೇ? ಅಲ್ಲವೇ ಅಲ್ಲ! ಹೂಂಗುಟ್ಟುವವರೂ ಸೇರಿ! ಜನ ಹೂಂ ಅಂದರೆ ರತ್ನಾಜಿಯ ಶೃಂಗಾರ ಅರ್ಧ ಗಂಟೆ ಬೆಳೆಯುತ್ತದೆ. ಆಕಳಿಸಿದರೆ ಎರಡೇ ಮಾತಿಗೆ ಯುದ್ಧ ಶುರು! ಮುಂದಿನ ಸಾಲಿನಲ್ಲಿ ಮುದುಕಿಯರು ಹೆಚ್ಚಿದ್ದರೆ ತಾಯಿಯ ಗೋಳು ಉದ್ದ, ಪಡ್ಡೆಹುಡುಗರು ಹೆಚ್ಚಿದ್ದರೆ ಮಾತಂಗಿಯ ಕುದುರೆ ಬೇಗ ಬರುತ್ತದೆ. ಕನ್ನಡದ ಓಣಿಯಲ್ಲಿ ಕನ್ನಡ ಮುಂದು, ತೆಲುಗಿನ ಓಣಿಯಲ್ಲಿ ತೆಲುಗು ಮುಂದು, ಹಾಸ್ಯಕ್ಕೆ ಎರಡೂ ಕಲಬೆರಕೆ. ಈ ಸೀಮೆಯ ಕೇಳುಗರಿಗೆ ಎರಡೂ ಹಾಲು ಕುಡಿದಷ್ಟು ಸಲೀಸು.

ಹಾಗಾದರೆ ಈರಮ್ಮನ 7,000 ಪುಟ? ಅದು ಬರೆದರೆ ಸಿಗುವ ಲೆಕ್ಕ ಮಾತ್ರ! ಊರಿಗೊಂದು, ರಾತ್ರಿಗೊಂದು ಎಂದು ಹಾಡಿದ್ದನ್ನೆಲ್ಲ ಕೂಡಿಸಿದರೆ? ಯಾವ ವಿಶ್ವವಿದ್ಯಾಲಯದ ಕಪಾಟು ಸಾಕು? ಉಳಿದದ್ದು ಕೇಳಿದವರ ತಲೆಯಲ್ಲಿದೆ. ಗೋಣಿಚೀಲದ ಮೇಲೆ ಕೂತು ರಾತ್ರಿ ಕಳೆದವರ ತಲೆಯಲ್ಲಿ!

ನಂಬಿಕೆ ಬಾರದಿದ್ದರೆ ಒಂದು ಕೆಲಸ ಮಾಡಿ. ಕೌತಾಳಂ ಕಡೆಯ ಒಬ್ಬ ಅಜ್ಜನನ್ನೂ ಆಲೂರು ಕಡೆಯ ಒಬ್ಬ ಅಜ್ಜಿಯನ್ನೂ ಅಕ್ಕಪಕ್ಕ ಕೂರಿಸಿ. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಇಡಿ. ಬಾಲನಾಗಮ್ಮನನ್ನು ಕದ್ದೊಯ್ದ ಮಾಯಾವಿಯ ಪ್ರಾಣ ಗಿಳಿಯೊಳಗಿತ್ತಲ್ಲ, ಆ ಗಿಳಿಯ ರೆಕ್ಕೆ ಮೊದಲು ಮುರಿದದ್ದೋ ಕಾಲು ಮೊದಲು ಮುರಿದದ್ದೋ ಎಂದು ಕೇಳಿ. ಕೇಳಿ ಹಿಂದೆ ಸರಿದು ಕೂತುಬಿಡಿ! ಅಜ್ಜ ಒಂದು ಹೇಳುತ್ತಾರೆ, ಅಜ್ಜಿ ಛೇ ಇಲ್ಲ ಎನ್ನುತ್ತಾರೆ, ಇವರು ಹಾಡಿ ತೋರಿಸುತ್ತಾರೆ, ಅವರು ಎದುರು ಹಾಡುತ್ತಾರೆ. ಇಬ್ಬರೂ ಸರಿ! ಚಹಾ ಎರಡು ಸಲ ಮಾಡಬೇಕಾಗುತ್ತದೆ, ಫೋನು ಚಾರ್ಜಿಗೆ ಹಾಕಿಡಿ.